ಮುಳುಗಿದ ಮೊಟ್ಟೇನೂ ಕೆಟ್ಟಿರುತ್ತೆ: ನಮ್ಮ ಕಡೆ ಮೊಟ್ಟೆ ಕೂಡಿಟ್ಟ ಕತೆ

ಹೊಗೆಸೊಪ್ಪಿನ ಸಸಿಮಡಿ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ವಾರ ಮೊಟ್ಟೆ ವಿಚಾರ ತಲೇಲಿ ಕೂತ್ಬಿಟ್ಟಿದೆ, ಇದನ್ನ ಬರೆದು ಮುಗಿಸದೆ ಬೇರೆ ಏನೂ ಹೊಳೆಯಲ್ಲ.

ಆಗಿದ್ದು ಇಷ್ಟು. ಮೈಸೂರಲ್ಲಿ ನಮ್ಮಿಂದ ವಾರಕ್ಕೊಂದು ಟ್ರೇ ನಾಟಿ ಮೊಟ್ಟೆ ತಗೊಳ್ಳೋ ಮನೆಯವರು ಫೋನ್ ಮಾಡಿದ್ರು. "ಅಣ್ಣ, ಬೇಜಾರ್ ಮಾಡ್ಕೋಬೇಡಿ, ಎರಡು ಮೊಟ್ಟೆ ಒಡೆದಾಗ ಒಳಗೆ ಕೆಂಪು ಉಂಗುರ ಇತ್ತು. ಮಕ್ಕಳು ನೋಡ್ಬಿಟ್ರು. ಈಗ ಮೊಟ್ಟೆನೇ ಬೇಡ ಅಂತಾವೆ" ಅಂದ್ರು. ಆ ಟ್ರೇನ 30ರಲ್ಲಿ 18 ನಮ್ಮನೇವು, ಉಳಿದ 12 ಪಕ್ಕದ ಎರಡು ಮನೆಯಿಂದ ಸೇರಿಸಿದ್ದು. ಕಳಿಸೋ ಮುಂಚೆ ಮೂವತ್ತನ್ನೂ ಬಕೆಟ್ ನೀರಿಗೆ ಬಿಟ್ಟು ನೋಡಿದ್ದೆ. ಮೂವತ್ತೂ ಮುಳುಗಿದ್ವು. ಮುಳುಗಿದ್ದು ಒಳ್ಳೇದು, ತೇಲಿದ್ದು ಕೆಟ್ಟದ್ದು ಅಂತ ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಆದ್ರೂ ಹೀಗಾಯ್ತು.

ನಾಚಿಕೆ ಆಗಿದ್ದು ಯಾಕೆ ಅಂದ್ರೆ, ಇದೇ ತಪ್ಪು ನಮ್ಮನೇಲಿ ನಲವತ್ತು ವರ್ಷದ ಹಿಂದೆ ಒಮ್ಮೆ ಆಗಿತ್ತು. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ.

ಮೊದಲು ಆ ಕಾಲದ ಮೊಟ್ಟೆ ಹೇಗಿತ್ತು ಅಂತ ಹೇಳ್ಬೇಕು. ಇವತ್ತಿನ ಹುಡುಗರಿಗೆ ಮೊಟ್ಟೆ ಅಂದ್ರೆ ಅಂಗಡಿಯ ಟ್ರೇ. ಆಗ ಹಂಗಲ್ಲ. ಒಂದು ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ರೆ ಹೆಚ್ಚು. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂತ್ಕೊಳ್ತಿತ್ತು. ಅರ್ಧ ಮೊಟ್ಟೆ ಮರಿಗೆ ಹೋಗ್ತಿತ್ತು. ಉಳಿದದ್ದು ಬಾಣಂತಿಗೆ, ಕಾಯಿಲೆಯವರಿಗೆ, ನೆಂಟರಿಗೆ. ಅದನ್ನೂ ದಾಟಿ ಉಳಿದದ್ದು ಸಂತೆಗೆ. ಸಂತೆಯ ಮೊಟ್ಟೆ ದುಡ್ಡು ಅವ್ವನ ದುಡ್ಡು. ಹೊಗೆಸೊಪ್ಪಿನ ದುಡ್ಡು ಅಪ್ಪನದು, ರಾಗಿ ಮನೆಯದು, ಮೊಟ್ಟೆ ದುಡ್ಡಿಗೆ ಮಾತ್ರ ಅಪ್ಪ ಲೆಕ್ಕ ಕೇಳ್ತಿರಲಿಲ್ಲ. ಬಳೆ, ರವಿಕೆ ಬಟ್ಟೆ, ನಮ್ಮ ನೋಟ್‌ಬುಕ್ಕು, ಎಲ್ಲ ಅದರಲ್ಲೇ ಆಗ್ಬೇಕು.

ಕೂಡಿಡೋದಕ್ಕೆ ಒಬ್ಬೊಬ್ಬರದು ಒಂದೊಂದು ಜಾಗ. ನಮ್ಮನೇಲಿ ರಾಗಿ ವಾಡೆ. ರಾಗಿ ಒಳಗೆ ಮೊಣಕೈವರೆಗೆ ಕೈ ಹಾಕಿದ್ರೆ ಬೇಸಿಗೇಲೂ ತಣ್ಣಗಿರುತ್ತೆ, ನಿಮಗೇ ಗೊತ್ತು. ಅಲ್ಲಿ ಮೊಟ್ಟೆ ಹೂತಿಡ್ತಿದ್ರು. ಎಚ್.ಡಿ. ಕೋಟೆ ಕಡೆಯಿಂದ ಬಂದ ನಮ್ಮ ಚಿಕ್ಕಮ್ಮ ಒಲೆ ಬೂದಿ ಜರಡಿ ಹಿಡಿದು, ಆರಿಸಿ, ಮಡಕೇಲಿ ಒಂದು ಪದರ ಬೂದಿ ಒಂದು ಪದರ ಮೊಟ್ಟೆ ಇಡ್ತಿದ್ರು. ಕೆ.ಆರ್. ನಗರದ ನಾಲೆ ಬಯಲಿನ ನೆಂಟರ ಮನೇಲಿ ಭತ್ತದ ಹೊಟ್ಟು. ಬಸ್ಸಲ್ಲಿ ತಗೊಂಡು ಹೋಗೋಕೆ ಹೊಟ್ಟಿನ ಬುಟ್ಟಿಗೆ ಸಮ ಇಲ್ಲ. ಆದ್ರೆ ಹೊಟ್ಟು ಸ್ವಲ್ಪ ತೇವ ಹಿಡಿದ್ರೂ ಮೊಟ್ಟೆಗೆ ಮುಗ್ಗಲು ವಾಸನೆ ಹತ್ತುತ್ತೆ. ಮೊಟ್ಟೆ ವಾಸನೆ ಹೀರ್ಕೊಳ್ಳುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸೀಮೆಎಣ್ಣೆ ಡಬ್ಬದ ಪಕ್ಕ ಇಟ್ಟ ಮೊಟ್ಟೆ ಒಮ್ಮೆ ಬೇಯಿಸಿ ನೋಡಿ.

ರಾಗಿ ಅಂದಾಗ ಒಂದು ಮಾತು. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಅಂತ ಇಂಗ್ಲಿಷರ ಕಡೆಯ ಡಾಕ್ಟರು ಮೈಸೂರು ಸೀಮೆ ಎಲ್ಲ ಸುತ್ತಿ, ಪಿರಿಯಾಪಟ್ಟಣಕ್ಕೂ ಬಂದು, ಕಂಡದ್ದೆಲ್ಲ ಬರೆದಿಟ್ಟ. ಆ ಪುಸ್ತಕ 1807ರಲ್ಲಿ ಅಚ್ಚಾಯ್ತು. ನಮ್ಮವರು ರಾಗೀನ ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಕೆಡದ ಹಾಗೆ ಇಡೋದನ್ನ ಅವನು ಬರೆದಿದ್ದಾನೆ. ಗಾಳಿ ಹೋಗಬಾರದು, ತಂಪು ಇರ್ಬೇಕು. ಬೂದಿ ಮಡಕೆಗೂ ಹಗೇವಿಗೂ ಇರೋ ಬುದ್ಧಿ ಒಂದೇ.

ಈಗ ನಮ್ಮನೆ ಕತೆ. 1984, ಯುಗಾದಿ ಹತ್ರ. ಐದು ಹೇಂಟೆ, ಒಂದು ಹುಂಜ. ಶಿವರಾತ್ರಿ ಕಳೆದ ಮೇಲೆ ಅವ್ವ ಯಾವ ಕೋಳೀನೂ ಕಾವಿಗೆ ಕೂರಿಸದೆ ಮೊಟ್ಟೆ ಎತ್ತಿ ವಾಡೆಗೆ ಹಾಕ್ತಾ ಬಂದಳು. ಸಂತೇಲಿ ಆಗ ನಾಟಿ ಮೊಟ್ಟೆಗೆ 45 ಪೈಸೆ. ಯುಗಾದಿ ಮಾರನೇ ದಿನ ಹೊಸತೊಡಕು ಅಲ್ವಾ, ಹಬ್ಬದ ಹಿಂದಿನ ಸಂತೆಗೆ 50 ಪೈಸೆ ಸಿಗ್ತಿತ್ತು. ಆ ಐದು ಪೈಸೆ ಆಸೆಗೆ ನಾಲ್ಕು ವಾರ ಕಾದಳು. ನಮ್ಮಕ್ಕನಿಗೆ ಲಂಗದ ಬಟ್ಟೆ ತರಬೇಕಿತ್ತು. ಒಟ್ಟು 46 ಆಗಿತ್ತು. ಹಿಂದಿನ ರಾತ್ರಿ ಕೊಳದಪ್ಪಲೇಲಿ ನೀರು ಹಾಕಿ ಒಂದೊಂದಾಗಿ ಬಿಟ್ಟು ನೋಡಿದಳು. ನಾಲ್ಕು ತೇಲಿದ್ವು, ತಿಪ್ಪೆಗೆ ಹಾಕಿದ್ವಿ. ಉಳಿದ 42 ಒರೆಸಿ ಬುಟ್ಟಿಗೆ.

ಸಂತೇಲಿ ಮೊಟ್ಟೆ ಕೊಳ್ತಿದ್ದ ಸಾಬ್ರು ಬಹಳ ವರ್ಷದ ಗುರುತಿನವರು. ಅವರು ನೀರಿಗೆ ಬಿಡ್ತಿರಲಿಲ್ಲ. ಕರೀ ಕಂಬಳಿ ತಲೆ ಮೇಲೆ ಹೊದ್ಕೊಂಡು, ಕೈಮುಷ್ಟಿ ಕೊಳವೆ ಮಾಡಿ, ಮೊಟ್ಟೇನ ಬಿಸಿಲಿಗೆ ಹಿಡಿದು ಒಂದು ಕಣ್ಣಲ್ಲಿ ನೋಡ್ತಿದ್ರು. ಒಂದು ಎಡಕ್ಕೆ, ಒಂದು ಬಲಕ್ಕೆ. ಮುಗಿದಾಗ ಎಡಗಡೆ 17 ಇದ್ವು.

"ಇವು ಬೇಡ ಕಣವ್ವ" ಅಂದ್ರು.

"ಯಾಕಣ್ಣ, ನೀರಲ್ಲಿ ಮುಳುಗಿದ್ವಲ್ಲ" ಅಂದಳು ಅವ್ವ.

"ಮುಳುಗ್ತವೆ. ಇದು ಮೊಟ್ಟೆ ಅಲ್ಲ ಕಣವ್ವ, ಮರಿ ಆಗೋಕೆ ಹೊರಟಿದ್ದು ಅರ್ಧದಲ್ಲಿ ನಿಂತಿದೆ" ಅಂತ ಒಂದನ್ನ ಅಲ್ಲೇ ಒಡೆದು ತೋರಿಸಿದ್ರು. ಹಳದಿ ಮೇಲೆ ಕೆಂಪು ಉಂಗುರ. ಮೊನ್ನೆ ಮೈಸೂರಿನವರು ಫೋನಲ್ಲಿ ಹೇಳಿದ್ರಲ್ಲ, ಅದೇ.

25 ಮೊಟ್ಟೆಗೆ ಹನ್ನೆರಡೂವರೆ ರೂಪಾಯಿ ಸಿಕ್ತು. ಕಾಯದೆ ವಾರವಾರ 45 ಪೈಸೆಗೆ ಕೊಟ್ಟಿದ್ರೆ, ಆ 42ಕ್ಕೇ 18 ರೂಪಾಯಿ 90 ಪೈಸೆ ಆಗ್ತಿತ್ತು. ಅಕ್ಕನ ಲಂಗ ಆ ಯುಗಾದಿಗೆ ಆಗಲಿಲ್ಲ. ದೀಪಾವಳಿಗೆ ಆಯ್ತು.

ಸಾಬ್ರು ಹೇಳಿದ್ದರ ಹಿಂದಿನ ಕಾರಣ ನನಗೆ ತಿಳಿದಿದ್ದು ಬಹಳ ವರ್ಷ ಆದ ಮೇಲೆ, ಕೋಳಿ ಸಾಕಾಣಿಕೆ ತರಬೇತಿಗೆ ಹೋದಾಗ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಎಲ್ಲ ಇದರ ಮೇಲೇ ನಿಂತಿದೆ.

ಮೊಟ್ಟೆ ಚಿಪ್ಪು ನೋಡೋಕೆ ಗಟ್ಟಿ, ಆದ್ರೆ ಅದರ ತುಂಬ ಕಣ್ಣಿಗೆ ಕಾಣದ ತೂತು. 7,000ದಿಂದ 17,000 ತನಕ ಇರ್ತವೆ ಅಂತಾರೆ. ಕೋಳಿ ಮೈಯಿಂದ ಹೊರಗೆ ಬಿದ್ದಾಗ ಮೊಟ್ಟೆ ಸುಮಾರು 41 ಡಿಗ್ರಿ ಬಿಸಿ. ಆರ್ತಾ ಬಂದ ಹಾಗೆ ಒಳಗಿನದ್ದು ಕುಗ್ಗಿ, ಆ ತೂತಿನಲ್ಲಿ ಗಾಳಿ ಎಳ್ಕೊಂಡು, ದಪ್ಪ ತುದೀಲಿ ಒಂದು ಸಣ್ಣ ಗಾಳಿಗೂಡು ಆಗುತ್ತೆ. ದಿನ ಕಳೆದ ಹಾಗೆ ನೀರಿನಂಶ ಹೊರಗೆ ಹೋಗುತ್ತೆ, ಗಾಳಿಗೂಡು ದೊಡ್ಡದಾಗುತ್ತೆ. ಹೊಸ ಮೊಟ್ಟೆ ನೀರಲ್ಲಿ ಅಡ್ಡ ಮಲಗೋದು, ಒಂದೆರಡು ವಾರದ್ದು ದಪ್ಪ ತುದಿ ಮೇಲೆತ್ತಿ ನಿಲ್ಲೋದು, ತೀರ ಹಳೇದು ತೇಲೋದು ಇದಕ್ಕೇ. ಅಂದ್ರೆ ನೀರು ಹೇಳೋದು ಮೊಟ್ಟೆಯ ವಯಸ್ಸು ಮಾತ್ರ.

ಹುಂಜ ಸೇರಿದ ಹೇಂಟೆಯ ಮೊಟ್ಟೇಲಿ ಜೀವ ಇರುತ್ತೆ. ಅದು ತಣ್ಣಗಿದ್ರೆ ನಿದ್ದೆ ಮಾಡ್ತಿರುತ್ತೆ. ಆ ನಿದ್ದೆ ಕೆಡೋ ಗೆರೆ ಸುಮಾರು 20-21 ಡಿಗ್ರಿ. ಅದರ ಮೇಲೆ ಹೋದ್ರೆ ಒಳಗೆ ನಿಧಾನಕ್ಕೆ ಬೆಳವಣಿಗೆ ಶುರು. ಕೋಳಿ ಕಾವು ಕೊಟ್ರೆ 37-38 ಡಿಗ್ರೀಲಿ ಸರಿಯಾಗಿ ಬೆಳೆದು 21 ದಿನಕ್ಕೆ ಮರಿ. ಆದ್ರೆ ಮಾರ್ಚಿನಲ್ಲಿ ನಮ್ಮ ಹಂಚಿನ ಮನೆ ಹಗಲಲ್ಲಿ 33, ರಾತ್ರಿ 20ರ ಹತ್ರ. ಹಗಲು ಬೆಳೆಯುತ್ತೆ, ರಾತ್ರಿ ನಿಲ್ಲುತ್ತೆ. ಒಂದೆರಡು ರಕ್ತನಾಳ ಹೊರಟ ಮೇಲೆ ಸತ್ತೋಗುತ್ತೆ, ರಕ್ತ ಸರಿದು ಉಂಗುರ ಆಗುತ್ತೆ. ಇದಕ್ಕೂ ಗಾಳಿಗೂಡಿಗೂ ಸಂಬಂಧ ಇಲ್ಲ. ಐದನೇ ದಿನಕ್ಕೇ ಆಗ್ಬಹುದು, ನೀರಲ್ಲಿ ಜಾಣನಾಗಿ ಅಡ್ಡ ಮಲಗ್ಬಹುದು. ಬೆಳಕಿಗೆ ಹಿಡಿದ್ರೆ ಮಾತ್ರ ಸಿಕ್ಕಿಬೀಳುತ್ತೆ. ಅವ್ವನ ವಾಡೆ ತಳ ತಂಪಾಗಿತ್ತು ನಿಜ, ಆದ್ರೆ ದಿನಾ ರಾಗಿ ತೆಗೀತಾ ತೆಗೀತಾ ಮೇಲಿನ ಸಾಲು ಬಯಲಿಗೆ ಬಂದಿತ್ತು.

ಒಂದು ಎಚ್ಚರಿಕೆ: ಹಳದಿ ಮೇಲೆ ಸಾಸಿವೆ ಕಾಳಿನಷ್ಟು ಒಂದೇ ಕೆಂಪು ಚುಕ್ಕೆ ಇದ್ರೆ ಅದು ಬೇರೆ. ಮೊಟ್ಟೆ ಆಗೋವಾಗ ಕೋಳಿ ಹೊಟ್ಟೇಲಿ ಸಣ್ಣ ನಾಳ ಒಡೆದು ಬಂದದ್ದು, ಈಗ ತಾನೆ ಇಟ್ಟ ಮೊಟ್ಟೇಲೂ ಇರುತ್ತೆ. ಅದನ್ನ ಚಮಚದಲ್ಲಿ ತೆಗೆದು ತಿನ್ನಬಹುದು. ಉಂಗುರ ಆಗಲಿ, ಜೇಡರ ಕಾಲಿನ ಹಾಗೆ ಕವಲೊಡೆದ ಗೆರೆ ಆಗಲಿ ಇದ್ರೆ ಮಾತ್ರ ಜೀವ ಹೊರಟಿತ್ತು ಅಂತ.

ಈ ಬೆಳಕಿನ ವಿದ್ಯೆ ಸಾಬ್ರಿಗೆ ಎಲ್ಲಿಂದ ಬಂತು? ಅವರ ಅಪ್ಪನಿಂದ ಅಂತ ಹೇಳ್ತಿದ್ರು. ನಮ್ಮಜ್ಜಿ ಹೇಳೋ ಪ್ರಕಾರ ಹುಣಸೂರಿನ ಮೊಟ್ಟೆ ಬುಟ್ಟಿ ಕೊಡಗಿನ ಕಾಫಿ ತೋಟದ ಬಂಗಲೆಗಳಿಗೆ ಹೋಗ್ತಿತ್ತಂತೆ. ಆಶ್ಚರ್ಯ ಏನಿಲ್ಲ. ಹಿಂದಿನ ಹುಣಸೂರು ಸಣ್ಣ ಊರಲ್ಲ. ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ತೆಗೆದ್ರೆ ಅಮೃತಮಹಲ್ ದನ, ಸೈನ್ಯಕ್ಕೆ ಚರ್ಮದ ಸಾಮಾನು ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ, ಕಾಫಿ ಹದ ಮಾಡೋ ಕೆಲಸ, ಎಲ್ಲ ಹುಣಸೂರಲ್ಲೇ. ದೊರೆಗಳ ಅಡುಗೆಮನೆಗೆ ಮೊಟ್ಟೆ ಬೇಕು. ಮೂರು ದಿನ ಗಾಡೀಲಿ ಕುಲುಕಿ ಹೋದ ಮೊಟ್ಟೆ ಅಲ್ಲಿ ಕೆಟ್ಟಿದ್ರೆ ವ್ಯಾಪಾರಿಗೇ ನಷ್ಟ. ಮನೇಲಿ ಕೂಡಿಡೋಳಿಗೆ ವಯಸ್ಸು ಗೊತ್ತಾದ್ರೆ ಸಾಕಿತ್ತು. ನೂರು ಮನೆ ಮೊಟ್ಟೆ ಒಂದೇ ಬುಟ್ಟಿಗೆ ಸೇರಿಸೋನಿಗೆ ಒಳಗೇನಿದೆ ಅಂತ ಗೊತ್ತಾಗಬೇಕಿತ್ತು. ಕಂಬಳಿ ಹೊದ್ದು ನೋಡೋದು ಆ ಅವಸರದಿಂದ ಬಂದ ವಿದ್ಯೆ ಅಂತ ನನ್ನ ಲೆಕ್ಕ.

ಹೊರದೇಶದಲ್ಲೂ ಇದೇ ಪರದಾಟ. ಚೀನಾದಲ್ಲಿ ಸುಣ್ಣ, ಬೂದಿ, ಉಪ್ಪು ಕಲಸಿದ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಇಡ್ತಾರೆ. ಒಳಗಿನ ಬಿಳಿ ಕಂದು ಬಣ್ಣದ ಜೆಲ್ಲಿ ಆಗುತ್ತೆ, ಅದೇ ಅವರಿಗೆ ರುಚಿ. ನಮ್ಮ ಚಿಕ್ಕಮ್ಮನ ಬೂದಿ ಒಣಗಿದ್ದು, ಅವರದು ಹಸಿ, ವ್ಯತ್ಯಾಸ ಅಷ್ಟೇ. ಯುರೋಪಿನವರು ಸುಣ್ಣದ ತಿಳಿನೀರಲ್ಲಿ ಮುಳುಗಿಸಿ ಇಡ್ತಿದ್ರು. ಆಮೇಲೆ ಸೋಡಿಯಂ ಸಿಲಿಕೇಟ್ ಅನ್ನೋ ಅಂಟು ದ್ರಾವಣ ಬಂತು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮನೆಮನೇಲೂ ಅದರ ಒಂದು ಬಕೆಟ್ ಇರೋದು. ಕೋಳಿ ಜಾಸ್ತಿ ಇಡೋ ತಿಂಗಳಲ್ಲಿ ಹಾಕಿಟ್ಟು, ಚಳಿಗಾಲದಲ್ಲಿ ತೆಗೆದು ತಿನ್ನೋರು. ಎರಡೂ ಮಾಡೋ ಕೆಲಸ ಒಂದೇ, ಚಿಪ್ಪಿನ ತೂತು ಮುಚ್ಚೋದು. ಎಷ್ಟು ಗಟ್ಟಿಯಾಗಿ ಮುಚ್ಚುತ್ತೆ ಅಂದ್ರೆ, ಬೇಯಿಸೋ ಮುಂಚೆ ದಪ್ಪ ತುದಿಗೆ ಸೂಜಿ ಚುಚ್ಚಬೇಕು, ಇಲ್ಲದಿದ್ರೆ ಒಳಗಿನ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಒಡೆಯುತ್ತೆ. ಸುಣ್ಣದ ನೀರಿನ ವಿಡಿಯೋ ಈಗ ಮೊಬೈಲಲ್ಲಿ ಬಹಳ ಓಡಾಡ್ತಿದೆ. ನಾನಂತೂ ಹಂಗೆ ಇಟ್ಟು ಯಾರಿಗೂ ಮಾರಲ್ಲ. ಒಂದು ಬಿರುಕು ಬಿಟ್ಟ ಮೊಟ್ಟೆ ಸೇರಿದ್ರೂ ಇಡೀ ಪಾತ್ರೆ ಹಾಳು.

ಆಮೇಲೆ ಸರ್ಕಾರ ಬಂತು. 1937ರಲ್ಲಿ ಕೃಷಿ ಉತ್ಪನ್ನಗಳ ದರ್ಜೆ ಮತ್ತು ಗುರುತಿನ ಕಾಯ್ದೆ ಆಯ್ತು, ನಾವು ಅಗ್‌ಮಾರ್ಕ್ ಅನ್ನೋದು ಅದರಿಂದಲೇ. ಮೊಟ್ಟೆಗೂ ದರ್ಜೆ ಇದೆ. ತೂಕದ ಲೆಕ್ಕದಲ್ಲಿ 60 ಗ್ರಾಂ ಮೇಲಿದ್ರೆ ತೀರ ದೊಡ್ಡದು, 53-59 ದೊಡ್ಡದು, 45-52 ಮಧ್ಯಮ, 38-44 ಸಣ್ಣದು. ನಮ್ಮ ನಾಟಿ ಮೊಟ್ಟೆ ಬಹುಪಾಲು ಈ ಕೊನೆಯ ಸಾಲಲ್ಲೇ ಬರೋದು, ಕೆಲವು ಅದಕ್ಕೂ ಕಮ್ಮಿ. ತಾಜಾತನಕ್ಕೆ ಗಾಳಿಗೂಡಿನ ಆಳ ನೋಡ್ತಾರೆ: 4 ಮಿಲಿಮೀಟರ್ ಒಳಗಿದ್ರೆ ಎ, 8ರವರೆಗೆ ಬಿ. ಇದನ್ನೂ ಬೆಳಕಿಗೆ ಹಿಡಿದೇ ಅಳೀಬೇಕು. ಅದೇ 1937ರಲ್ಲಿ ಅಮೆರಿಕದ ರೇಮಂಡ್ ಹಾ ಅನ್ನೋರು ಮೊಟ್ಟೆ ಒಡೆದು ಗಾಜಿನ ಮೇಲೆ ಸುರಿದು, ಹಳದಿ ಸುತ್ತ ಇರೋ ಗಟ್ಟಿ ಲೋಳೆ ಎಷ್ಟು ಎತ್ತರ ನಿಲ್ಲುತ್ತೆ ಅಂತ ಅಳೆದು, ಮೊಟ್ಟೆ ತೂಕದ ಜೊತೆ ಸೇರಿಸಿ ಒಂದು ಲೆಕ್ಕ ಕಟ್ಟಿದ್ರು. ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಅದೇ ನಡೆಯೋದು. ನಮ್ಮವ್ವ ಬಾಣಲೆಗೆ ಒಡೆದು "ನೀರಾಗಿ ಹರೀತು, ಹಳೇದು" ಅಂತಿದ್ದಳಲ್ಲ, ಅಳತೆಪಟ್ಟಿ ಇಲ್ಲದ ಅದೇ ಲೆಕ್ಕ.

ನಮ್ಮ ಜಿಲ್ಲೆಯ ಪಾಲೂ ಇದರಲ್ಲಿದೆ. 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಶುರುವಾಯ್ತು, ಅದೇ ಸಿಎಫ್‌ಟಿಆರ್‌ಐ. ಅರಮನೆಯ ರಾಜಕುಮಾರಿಗೆ ಅಂತ ಕಟ್ಟಿಸಿದ್ದ ಬಂಗಲೇಲಿ ಹಣ್ಣು, ಮಾಂಸ, ಮೊಟ್ಟೆ ಕೆಡದ ಹಾಗೆ ಇಡೋದು ಹೇಗೆ ಅಂತ ಕೆಲಸ. ಮೊಟ್ಟೆ ವಿಚಾರದಲ್ಲಿ ಅವರು ಕೈ ಹಾಕಿದ್ದರಲ್ಲಿ ಒಂದು ಎಣ್ಣೆ ಲೇಪನ. ಇಟ್ಟ ದಿನವೇ ಮೊಟ್ಟೆಗೆ ವಾಸನೆ ಇಲ್ಲದ ಖನಿಜ ಎಣ್ಣೆ ತೆಳ್ಳಗೆ ಸವರಿದ್ರೆ ತೂತು ಮುಚ್ಚಿ ಫ್ರಿಜ್ ಇಲ್ಲದೆಯೂ ಕೆಲವು ವಾರ ಹೆಚ್ಚಿಗೆ ಬಾಳುತ್ತೆ. ಫ್ರಿಜ್ಜು ಪಟ್ಟಣದ ಶ್ರೀಮಂತರ ಮನೇಲಿ ಮಾತ್ರ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದ್ರೆ ಹುಣಸೂರು ರಸ್ತೇಲಿ ಒಂದು ಗಂಟೆ ದೂರದ ನಮ್ಮ ಹಟ್ಟಿಗೆ ಆ ಸುದ್ದಿ ಬರಲೇ ಇಲ್ಲ. ಬಂದಿದ್ರೂ ಅವ್ವ ಎಣ್ಣೆ ಖರ್ಚಿಗೆ ಬೈತಿದ್ದಳು ಅನ್ನಿ.

ಹೋದ ವರ್ಷ ಏಪ್ರಿಲಿನಲ್ಲಿ ನಾನೇ ಮಾಡಿ ನೋಡಿದೆ. ಹುಂಜ ಇಲ್ಲದ ಗೂಡಿನ 24 ಮೊಟ್ಟೆ. 12ಕ್ಕೆ ಕಡಲೆಕಾಯಿ ಎಣ್ಣೆ ಅಂಗೈಯಲ್ಲಿ ಸವರಿದೆ, 12 ಹಂಗೇ. ಎರಡೂ ಒಂದೇ ಕೋಣೇಲಿ ಮೂರು ವಾರ. ಹಂಗೇ ಇಟ್ಟಿದ್ರಲ್ಲಿ ನೀರಿಗೆ ಬಿಟ್ಟಾಗ 5 ತೇಲಿದ್ವು, ಉಳಿದವು ನೆಟ್ಟಗೆ ನಿಂತ್ವು. ತಟ್ಟೆಗೆ ಒಡೆದ್ರೆ ಲೋಳೆ ಅಂಚಿನವರೆಗೆ ಹರೀತು. ಎಣ್ಣೆ ಸವರಿದ 12ರಲ್ಲಿ 11 ಅಡ್ಡ ಮಲಗಿದ್ವು, ಹಳದಿ ಗುಂಡಗೆ ನಿಂತಿತ್ತು. ಒಂದು ಮಾತ್ರ ಕೆಟ್ಟಿತ್ತು, ಅದಕ್ಕೆ ಕೂದಲೆಳೆ ಬಿರುಕಿತ್ತು, ನಾನೇ ನೋಡಿರಲಿಲ್ಲ. ಹೆಂಡತಿ ಮಾತ್ರ ಕಡಲೆಕಾಯಿ ಎಣ್ಣೆ ವಾಸನೆ ಮೊಟ್ಟೆಗೆ ಬಂದಿದೆ ಅಂದಳು. ನನಗೆ ಗೊತ್ತಾಗಲಿಲ್ಲ.

ಇಲ್ಲಿಂದ ಮುಂದೆ ಕತೆ ಬೇಗ ಓಡುತ್ತೆ. ಬಿಳಿ ಲೆಗಾರ್ನ್ ಕೋಳಿ ಬಂತು. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ತಳಿ ಕೇಂದ್ರ ಆಯ್ತು. ದೊಡ್ಡ ಹ್ಯಾಚರಿಗಳು ಬಂದ್ವು. 1982ರಲ್ಲಿ ಡಾ. ಬಿ.ವಿ. ರಾವ್ ಮುಂದೆ ನಿಂತು ನೆಕ್ ಅಂದ್ರೆ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿದ್ರು. ಈಗ ಪೇಪರಲ್ಲಿ ದಿನಾ ಬರೋ ಮೊಟ್ಟೆ ರೇಟು ಅವರದು, ಅದರ ಪಟ್ಟೀಲಿ ಮೈಸೂರಿಗೂ ಒಂದು ಸಾಲಿದೆ. ವರ್ಷಕ್ಕೆ 300ರ ಮೇಲೆ ಇಡೋ ಕೋಳಿ, 30ರ ಟ್ರೇ, ಲಾರಿ. ಶಾಲೆಗೂ ಮೊಟ್ಟೆ ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾಗಿದ್ದು ಆಮೇಲೆ ರಾಜ್ಯಕ್ಕೆಲ್ಲ ಆಯ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿಂದ ವಾರಕ್ಕೆ ಆರು ದಿನ ಅಂತ ಆಯ್ತು. ನಮ್ಮೂರ ಶಾಲೆಯ ಅಡುಗೆಯವರು ಬೇಯಿಸೋ ಮುಂಚೆ ದೊಡ್ಡ ಪಾತ್ರೆ ನೀರಿಗೆ ಬಿಟ್ಟು ತೇಲಿದ್ದನ್ನ ತೆಗೆದು ಹಾಕ್ತಾರೆ. ಒಳ್ಳೇ ಕೆಲಸ, ಆ ಮೊಟ್ಟೆಗೆ ಅದು ಸಾಕು ಕೂಡ.

ಯಾಕೆ ಸಾಕು? ಫಾರಂ ಗೂಡಿನಲ್ಲಿ ಹುಂಜ ಇಲ್ಲ. ಹುಂಜ ಇಲ್ಲದ ಮೊಟ್ಟೇಲಿ ಜೀವ ಇಲ್ಲ, ಬಿಸಿಲಿಗೆ ಉಂಗುರ ಆಗೋ ಮಾತೇ ಇಲ್ಲ. ಅದಕ್ಕೆ ವಯಸ್ಸಾಗುತ್ತೆ, ಕೊಳೆಯುತ್ತೆ, ಅಷ್ಟೇ. ಅದನ್ನ ಹಿಡಿಯೋಕೆ ನೀರು ಸಾಕು. ಹಿಂಗೆ ನಲವತ್ತು ವರ್ಷ ಬರೀ ಫಾರಂ ಮೊಟ್ಟೆ ತಿಂದು ನಮಗೆಲ್ಲ ನೀರಿನ ಪರೀಕ್ಷೆ ಒಂದೇ ನೆನಪಲ್ಲಿ ಉಳೀತು. ಕಂಬಳಿ ಹೊದ್ದು ನೋಡೋರು ಒಬ್ಬೊಬ್ಬರೇ ಹೋದ್ರು. ಸಾಬ್ರ ಮಗ ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಅಷ್ಟರಲ್ಲಿ ನಾಟಿ ಮೊಟ್ಟೆ ವಾಪಸ್ ಬಂತು. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಗಿರಿರಾಜ ಬಿಟ್ರು, 2005ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದಿಂದ ಸ್ವರ್ಣಧಾರ ಬಂತು. ಹಿತ್ತಿಲ ಕೋಳಿ ಮತ್ತೆ ಲೆಕ್ಕಕ್ಕೆ ಬಂತು. ಈಗ ಮೈಸೂರಿನವರು ನಾಟಿ ಅಂದ್ರೆ ಫಾರಂ ಮೊಟ್ಟೆಯ ಎರಡರಷ್ಟು ಕೊಡ್ತಾರೆ. ಕೆಲವರು ಫಾರಂ ಮೊಟ್ಟೇನ ಟೀ ಡಿಕಾಕ್ಷನ್ನಿಗೆ ಅದ್ದಿ ಕಂದು ಮಾಡಿ ಮಾರೋದೂ ಇದೆ. ಹಿತ್ತಿಲ ಕೋಳಿ ಜೊತೆ ಹುಂಜ ಇದ್ದೇ ಇರುತ್ತೆ. ಅಂದ್ರೆ 1984ರ ಮೊಟ್ಟೆ ವಾಪಸ್ ಬಂದಿದೆ, ಅದನ್ನ ನೋಡೋ ಕಣ್ಣು ಬಂದಿಲ್ಲ. ನಾನು ಮೊನ್ನೆ ಮಾಡಿದ್ದೂ ಅದೇ. ಜೊತೆಗೆ ಈಗ ಮಾರೋ ಮೊಟ್ಟೆ ಮೂರು ಮನೇದು ಸೇರಿದ್ದು. ಯಾವುದು ಯಾವತ್ತಿನದು ಅಂತ ಯಾರಿಗೂ ಗೊತ್ತಿಲ್ಲ.

ಇನ್ನೊಂದು ತಪ್ಪೂ ಒಪ್ಕೋಬೇಕು. ಮಾರೋ ಮೊಟ್ಟೇನ ನೀರಿಗೆ ಬಿಡಲೇಬಾರದು. ಚಿಪ್ಪಿನ ಮೇಲೆ ಕೋಳಿಯೇ ಬಳಿದು ಕೊಟ್ಟ ಒಂದು ತೆಳು ಪೊರೆ ಇದೆ, ತೂತುಗಳಿಗೆ ಬಾಗಿಲು ಇದ್ದ ಹಾಗೆ. ತೊಳೆದ್ರೆ ಅದು ಹೋಗುತ್ತೆ. ಬೆಚ್ಚಗಿರೋ ಮೊಟ್ಟೇನ ತಣ್ಣೀರಿಗೆ ಹಾಕಿದ್ರೆ ಒಳಗಿನದ್ದು ಕುಗ್ಗಿ ಹೊರಗಿನ ನೀರನ್ನ ಕೊಳೆ ಸಮೇತ ಒಳಗೆ ಎಳ್ಕೊಳ್ಳುತ್ತೆ. ಅಮೆರಿಕದಲ್ಲಿ ಮೊಟ್ಟೆ ತೊಳೆದೇ ಮಾರ್ತಾರೆ, ಅದಕ್ಕೇ ಅಲ್ಲಿ ಕೊನೇವರೆಗೆ ಫ್ರಿಜ್ಜಲ್ಲೇ ಇರಬೇಕು. ಯುರೋಪಿನಲ್ಲಿ ಒಳ್ಳೇ ದರ್ಜೆಯ ಮೊಟ್ಟೆ ತೊಳೆಯೋ ಹಾಗೇ ಇಲ್ಲ. ಬಕೆಟ್ ಪರೀಕ್ಷೆ ಈಗಲೇ ಒಡೆದು ಬೇಯಿಸೋ ಮೊಟ್ಟೆಗೆ. ಕೊಳೆ ಇದ್ರೆ ಒಣ ಬಟ್ಟೇಲಿ ಒರೆಸಿ. ತೀರ ಗಲೀಜಿದ್ರೆ ಮನೇಲೇ ತಿನ್ನಿ, ಟ್ರೇಗೆ ಬೇಡ.

ಬೆಳಕಿಗೆ ಈಗ ಕಂಬಳಿ ಬೇಡ. ನಮ್ಮಲ್ಲಿ ಬಹಳ ಜನಕ್ಕೆ ಹೊಗೆಸೊಪ್ಪಿನ ಬ್ಯಾರನ್ ಇದೆ, ಮಾರ್ಚಿನಲ್ಲಿ ಖಾಲಿ ಇರುತ್ತೆ, ಬಾಗಿಲು ಹಾಕಿದ್ರೆ ಹಗಲಲ್ಲೂ ಕಗ್ಗತ್ತಲೆ. ಅಲ್ಲಿ ಮೊಬೈಲ್ ಟಾರ್ಚ್ ಹಚ್ಚಿ, ಮೇಲೆ ತೂತು ಮಾಡಿದ ಒಂದು ರಟ್ಟು ಇಟ್ಟು, ಮೊಟ್ಟೆಯ ದಪ್ಪ ತುದೀನ ತೂತಿಗೆ ಕೂರಿಸಿ ನಿಧಾನ ತಿರುಗಿಸಿ. ಗಾಳಿಗೂಡು ಎಷ್ಟಿದೆ ಕಾಣುತ್ತೆ, ಕೂದಲೆಳೆ ಬಿರುಕು ಕಾಣುತ್ತೆ, ಉಂಗುರ ಇದ್ರೆ ಕಾಣುತ್ತೆ. ಕಂದು ಚಿಪ್ಪಿನದ್ದಾದ್ರೆ ಸ್ವಲ್ಪ ಕಷ್ಟ, ಕಣ್ಣು ಕತ್ತಲೆಗೆ ಹೊಂದಿಕೊಳ್ಳೋವರೆಗೆ ಕಾಯಬೇಕು. ಮೂವತ್ತು ನೋಡೋಕೆ ನನಗೆ ಈಗ ಹತ್ತು ನಿಮಿಷ.

ಇಡೋದಕ್ಕೆ ಫ್ರಿಜ್ ಇದ್ರೆ ಅದೇ ಸರಿ. ಬಾಗಿಲಿನಲ್ಲಿ ಮಾತ್ರ ಇಡಬೇಡಿ, ತೆಗೆದಾಗೆಲ್ಲ ಅಲ್ಲಾಡುತ್ತೆ, ಬಿಸಿಯಾಗುತ್ತೆ. ಜಾಗ ಇಲ್ಲದೋರಿಗೆ ಮಣ್ಣಿನ ಮಡಕೆ ಚೆನ್ನಾಗಿದೆ. ನೆರಳಲ್ಲಿ ಮರಳು ಹಾಸಿ ಮಡಕೆ ಅರ್ಧ ಹೂತು, ಸುತ್ತ ಮರಳಿಗೆ ಬೆಳಗ್ಗೆ ಸಂಜೆ ನೀರು ಚಿಮುಕಿಸಿ, ಒಳಗೆ ಒಣ ಬಟ್ಟೆ ಮೇಲೆ ದಪ್ಪ ತುದಿ ಮೇಲೆ ಮಾಡಿ ಮೊಟ್ಟೆ ಇಡೋದು. ಬ್ಯಾರನ್ನಿನ ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ 94 ಇದ್ದಾಗ ಒಳಗೆ 77, ಅದು ಫ್ಯಾರನ್‌ಹೀಟ್ ಲೆಕ್ಕ, ನಿಮಗೆ ಗೊತ್ತು. 77 ಅಂದ್ರೆ 25 ಡಿಗ್ರಿ. ಹುಂಜ ಇಲ್ಲದ ಮೊಟ್ಟೆಗೆ ಹತ್ತು ದಿನಕ್ಕೆ ಸಾಕು. ಹುಂಜ ಸೇರಿದ್ದಕ್ಕೆ ಅದೂ ಸಾಲದು, ಬೇಸಿಗೇಲಿ ಮೂರು ನಾಲ್ಕು ದಿನದೊಳಗೆ ಸಾಗಿಸಿಬಿಡಿ. ಹುಂಜ ಬೇರೆ ಮಾಡ್ತೀನಿ ಅನ್ನೋರು ನೆನಪಿಡಿ, ಬೇರೆ ಮಾಡಿದ ಮೇಲೂ ಎರಡು ಮೂರು ವಾರ ಜೀವ ಇರೋ ಮೊಟ್ಟೆ ಬರ್ತವೆ. ಕಾವಿಗೆ ಕೂರಿಸೋ ಮೊಟ್ಟೆ ಏಳು ದಿನದೊಳಗಿಂದಾದ್ರೆ ಒಳ್ಳೇದು, ಆಮೇಲೆ ಮರಿ ಕಮ್ಮಿ ಆಗ್ತಾ ಹೋಗುತ್ತೆ.

ಮೈಸೂರಿನವರಿಗೆ ಹೊಸ ಟ್ರೇ ದುಡ್ಡಿಲ್ಲದೆ ಕಳಿಸಿದೆ. ಪಕ್ಕದ ಮನೆ ಇಬ್ಬರು ಹೆಣ್ಣುಮಕ್ಕಳೂ ಬಂದಿದ್ರು, ಅವರಿಗೆ ಬೇಜಾರು, ಯಾರ ಮೊಟ್ಟೆ ಕೆಟ್ಟಿದ್ದು ಅಂತ. ನಂದೇ ಇರಬಹುದು, ಹೇಳೋಕೆ ಆಗಲ್ಲ. ಅವರಿಗೂ ಈ ದುಡ್ಡು ಅವ್ವನ ದುಡ್ಡಿನ ಹಾಗೇ, ಮನೇಲಿ ಯಾರೂ ಲೆಕ್ಕ ಕೇಳದ ದುಡ್ಡು. ಮೂರೂ ಮನೇಲಿ ಈಗ ಒಂದೊಂದು ಪೆನ್ಸಿಲ್ ಕಟ್ಟಿ ಇಟ್ಟಿದ್ದೀವಿ. ಎತ್ತಿದ ತಕ್ಷಣ ಚೂಪು ತುದಿಗೆ ತಾರೀಖು, ಅದರ ಕೆಳಗೆ ಮನೆಗೊಂದು ಗುರುತು. ಪೆನ್ನು ಬೇಡ, ಶಾಯಿ ಒಳಗೆ ಇಳಿಯುತ್ತೆ.

1984ರ ಆ ಸಂತೆ ಆದ ಮೇಲೆ ನಮ್ಮವ್ವನೂ ಇದನ್ನೇ ಮಾಡಿದ್ದಳು. ಅವಳಿಗೆ ಬರೆಯೋಕೆ ಬರ್ತಿರಲಿಲ್ಲ. ಒಲೆಯ ಇದ್ದಿಲಲ್ಲಿ ಮೊದಲನೇ ವಾರದ ಮೊಟ್ಟೆಗೆ ಒಂದು ಗೆರೆ, ಎರಡನೇ ವಾರಕ್ಕೆ ಎರಡು ಗೆರೆ. ಮೂರು ಗೆರೆಯ ಮೊಟ್ಟೆ ಆ ಮನೇಲಿ ನಾನು ಆಮೇಲೆ ನೋಡಲೇ ಇಲ್ಲ.